ಫಾಕ್ಸ್‌ಗ್ಲವ್ ಡೈರಿ: ಮೂರನೇ ಟ್ರೇ ಕೊನೆಗೂ ಕಣ್ಣು ಬಿಟ್ಟಿತು

ಬಂತು! ಫಾಕ್ಸ್‌ಗ್ಲವ್ ಅನ್ನೋ ಹೂಗಿಡದ ಬೀಜ ಬಿತ್ತಿದ ಹನ್ನೆರಡನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಕಂದು ಮಣ್ಣಿನ ಮೇಲೆ ಹಸಿರು ಚುಕ್ಕೆಗಳು. ಪಾಚಿ ಅಂದುಕೊಂಡೆ. ಎರಡು ಟ್ರೇ ಕಳೆದುಕೊಂಡವಳ ಕಣ್ಣಿಗೆ ಹಸಿರೆಲ್ಲ ಪಾಚಿಯೇ. ಭೂತಗನ್ನಡಿ ಹಿಡಿದು ಬಗ್ಗಿದೆ. ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಎರಡೆರಡು ಎಲೆ. ಒಂದರ ನೆತ್ತಿಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ ಕೂತಿತ್ತು. ಅದನ್ನು ಕಿತ್ತು ತೆಗೆಯಬೇಕು ಅನಿಸಿತು. ಕೈ ಕಟ್ಟಿಕೊಂಡು ಸುಮ್ನೆ ನಿಂತೆ.

ಬಿತ್ತುವ ಮಣ್ಣಿನ ಮಿಕ್ಸ್ ಜರಡಿ ಹಿಡಿಯೋದು, ತಳದಿಂದ ನೀರು ಕುಡಿಸೋದು, ಇದೆಲ್ಲ ನಿಮಗೆ ಗೊತ್ತಿರುವುದೇ. ಕೆಟ್ಟುಹೋದ ಟ್ರೇಗಳ ವಿಷಯಕ್ಕೇ ಬರುತ್ತೇನೆ.

ಮೊದಲನೆಯದರಲ್ಲಿ ತಪ್ಪು ಅರ್ಧ ನನ್ನದು, ಅರ್ಧ ಪ್ಯಾಕೆಟ್ಟಿನದು. ‘ತೆಳುವಾಗಿ ಮಣ್ಣು ಮುಚ್ಚಿ’ ಅಂತ ಬರೆದಿದ್ದರು, ಮುಚ್ಚಿದೆ. ಈ ಬೀಜ ಬೆಳಕಿಲ್ಲದೆ ಮೊಳೆಯುವುದಿಲ್ಲ ಅನ್ನೋದನ್ನು ಬೀಜ ಮಾರುವವರೇ ಬರೆಯದಿದ್ದರೆ ಇನ್ಯಾರು ಬರೆಯಬೇಕು? ನಸ್ಯದ ಪುಡಿಯಂಥ ಬೀಜ, ಒಂದು ಗ್ರಾಮಿಗೆ ಸಾವಿರಾರು. ಮೇಲಿನ ಮಣ್ಣನ್ನು ತಳ್ಳಿಕೊಂಡು ಬರುವಷ್ಟು ಬುತ್ತಿ ಅದರೊಳಗೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದ್ದಾರೆ. ಅರ್ಧ ಬೀಜ ಒಳಗೋಡೆಗೇ ಅಂಟಿಕೊಂಡಿತ್ತು. ಕಾಗದದ ಪೊಟ್ಟಣ ಕಟ್ಟಿದರೆ ಇವರ ಗಂಟೇನು ಹೋಗುತ್ತದೆ?

ಎರಡನೇ ಟ್ರೇ ನನ್ನ ನಿದ್ದೆ ಕೆಡಿಸಿತು. ಈ ಸಲ ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಿದ್ದೆ. ತೇವ ಸರಿಯಾಗಿತ್ತು, ತಾಪಮಾನ 18 ಡಿಗ್ರಿಯ ಆಸುಪಾಸು, ಮೇಲೆ ಪಾರದರ್ಶಕ ಮುಚ್ಚಳ. ಹೇಗೂ ನೆರಳಿನ ಗಿಡ, ನಾಳೆ ನೆಡುವುದೂ ಅಲ್ಲೇ ಅಂತ ದೊಡ್ಡ ಮರದ ಕೆಳಗೆ ಇಟ್ಟೆ. ಐದು ವಾರ ಕಳೆದರೂ ಒಂದು ಮೊಳಕೆ ಇಲ್ಲ.

ಬೀಜ ಹಳೆಯದಿರಬೇಕು ಅಂತ ಮಾರಿದವರಿಗೆ ಖಾರವಾಗಿ ಬರೆದೆ. ‘ಸ್ವಲ್ಪ ತಾಳ್ಮೆ ಇರಲಿ’ ಅಂತ ಉತ್ತರ ಬಂತು. ಕೋಪಕ್ಕೆ ಅದೇ ಪ್ಯಾಕೆಟ್ಟಿನ ಒಂದು ಚಿಟಿಕೆ ಬೀಜವನ್ನು ಒದ್ದೆ ಟಿಶ್ಯೂ ಮೇಲೆ ಹಾಕಿ ಕಿಟಕಿಯ ಹತ್ತಿರ ಇಟ್ಟೆ. ಹತ್ತೇ ದಿನಕ್ಕೆ ಬಹುಪಾಲು ಮೊಳೆತವು! ಆ ಖಾರದ ಪತ್ರವನ್ನು ವಾಪಸ್ ನುಂಗುವ ಹಾಗಿರಲಿಲ್ಲ. ಆಮೇಲೆ ನೀರಿನ ಮೇಲೆ ಅನುಮಾನ ಬಂತು, ಕಾಯಿಸಿ ಆರಿಸಿ ಕೊಟ್ಟೆ. ಮಣ್ಣಿಗೆ ಬೆರೆಸಿದ್ದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೂ ಅನುಮಾನ. ಸಸಿ ಕೊಳೆಯುವ ರೋಗ ಇರಬಹುದಾ ಅಂದಳು ಗೆಳತಿ. ಅದು ಮೊಳಕೆ ಮೇಲೇಳುವ ಮೊದಲೇ ಕೊಲ್ಲುವುದೂ ಉಂಟು, ಆದರೆ ಇಲ್ಲಿ ಬೀಜ ಮೊಳೆತ ಗುರುತೇ ಇರಲಿಲ್ಲವಲ್ಲ!

ಟಿಶ್ಯೂಗೂ ಬೆಳಕಿತ್ತು, ಟ್ರೇಗೂ ಬೆಳಕಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ? ಒಂದು ಮಧ್ಯಾಹ್ನ ಟ್ರೇ ಪಕ್ಕ ಕೂತು ತಲೆ ಎತ್ತಿ ನೋಡಿದಾಗ ಹೊಳೆಯಿತು. ಬೀಜಕ್ಕೆ ಸಿಗುತ್ತಿದ್ದದ್ದು ಎಲೆಗಳು ಸೋಸಿ ಬಿಟ್ಟ ಬೆಳಕು. ಎಲೆ ತನ್ನ ಅಡುಗೆಗೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ದೂರ-ಕೆಂಪು ಬೆಳಕನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಬೀಜದೊಳಗೆ ಫೈಟೋಕ್ರೋಮ್ ಅಂತ ಒಂದು ಬಣ್ಣವಸ್ತು ಇದೆ. ಕೆಂಪು ಬೆಳಕು ಬಿದ್ದರೆ ಸ್ವಿಚ್ ಆನ್, ದೂರ-ಕೆಂಪು ಜಾಸ್ತಿಯಾದರೆ ಆಫ್. ‘ಮೇಲೆ ಮರ ಇದೆ, ಈಗ ಎದ್ದರೆ ಉಪವಾಸ’ ಅಂತ ಬೀಜ ಮಲಗಿಬಿಡುತ್ತದೆ. ಕಾಡಿನಲ್ಲಿ ಮರ ಕಡಿದ ಜಾಗದಲ್ಲಿ ಫಾಕ್ಸ್‌ಗ್ಲವ್ ಒಮ್ಮೆಲೇ ಗುಂಪಾಗಿ ಏಳುವುದನ್ನು ಎಷ್ಟು ಫೋಟೋಗಳಲ್ಲಿ ನೋಡಿದ್ದೇನೆ! ನನ್ನ ಟ್ರೇಗೂ ಅದಕ್ಕೂ ನಂಟಿದೆ ಅಂತ ಒಮ್ಮೆಯೂ ಅನಿಸಿರಲಿಲ್ಲ.

ಮೂರನೇ ಟ್ರೇಯನ್ನು ಬಿಸಿಲು ಬೀಳದ ಗೋಡೆಯ ಬುಡದಲ್ಲಿ ಇಟ್ಟೆ. ಅದೂ ನೆರಳೇ, ಆದರೆ ಮೇಲೆ ಬರೀ ಆಕಾಶ. ಎಸೆಯಲು ಮನಸ್ಸು ಬಾರದ ಎರಡನೇ ಟ್ರೇಯನ್ನೂ ಅದರ ಪಕ್ಕಕ್ಕೆ ತಂದೆ. ಮುಂದಿನದು ಮೇಲೆಯೇ ಹೇಳಿದೆ. ಖುಷಿಯ ಸಂಗತಿ ಅಂದ್ರೆ, ಎರಡನೆಯದೂ ನಾಲ್ಕು ದಿನ ತಡವಾಗಿ ಅಲ್ಲಲ್ಲಿ ಮೊಳೆಯಿತು. ಅದೇ ಮಣ್ಣು, ಅದೇ ನೀರು, ಅದೇ ಬೀಜ.

ಈಗಿನ ತಲೆನೋವು ದಟ್ಟಣೆ. ಒಣ ಮರಳಿನಲ್ಲಿ ಬೆರೆಸಿ ಉದುರಿಸುವಾಗ ಸರಿಯಾದ ಹೊತ್ತಿಗೆ ಸೀನು ಬಂತು. ಟ್ರೇಯ ಒಂದು ಮೂಲೆ ಕಾಡು, ಉಳಿದದ್ದು ಬಯಲು. (ಬೀಜವೂ ಸೇರಿ ಇಡೀ ಗಿಡವೇ ವಿಷ ಅಂತ ನೆನಪಾಗಿ ಓಡಿಹೋಗಿ ಮುಖ ತೊಳೆದೆ.) ನಿಜವಾದ ಎಲೆ ನಾಲ್ಕಾದ ಮೇಲೆ ಬಿಡಿಸುತ್ತೇನೆ. ಈ ವರ್ಷ ನೆಲಕ್ಕೆ ಅಂಟಿದ ಎಲೆಗಳ ಚಕ್ರ ಅಷ್ಟೆ. ಚಳಿ ತಿಂದ ಮೇಲೆ ಮುಂದಿನ ವರ್ಷ ಹೂಗೊಂಚಲು.

ಅಷ್ಟರೊಳಗೆ ಬಿಳಿ ಹೂವಿನ ಹುಚ್ಚು ಹತ್ತಿದೆ. ಸಸಿಯ ಎಲೆತೊಟ್ಟಿನಲ್ಲಿ ನೇರಳೆ ಛಾಯೆ ಇದ್ದರೆ ಹೂವಿಗೂ ಬಣ್ಣ ಬರುತ್ತದೆ. ತೊಟ್ಟು ಅಚ್ಚ ಹಸಿರಾಗಿದ್ದರೆ ಬಿಳಿಯಾಗುವ ಸಂಭವ ಜಾಸ್ತಿ. ಭೂತಗನ್ನಡಿ ಹೇಗೂ ಹೊರಗೆ ಬಂದಿದೆ, ಹಸಿರು ತೊಟ್ಟಿನವನ್ನೆಲ್ಲ ಬೇರೆ ಇಡುವ ಯೋಚನೆ. ಆಮೇಲೆ ಮೆರ್ಟೋನೆನ್ಸಿಸ್! ಮಾಮೂಲಿ ನೇರಳೆ ಜಾತಿಗೂ ಹಳದಿ ಗ್ರ್ಯಾಂಡಿಫ್ಲೋರಾಕ್ಕೂ ಹುಟ್ಟಿದ ಮಿಶ್ರತಳಿ. ಆದರೂ ಬೀಜದಿಂದ ಅದೇ ಬಣ್ಣ ಮರಳಿ ಬರುತ್ತದೆ, ಕ್ರೋಮೋಸೋಮ್‌ಗಳು ದುಪ್ಪಟ್ಟಾದ ತಳಿ ಅದು. ಅದರ ಪ್ಯಾಕೆಟ್ ಆಗಲೇ ಬಂದು ಕೂತಿದೆ. ಮತ್ತೆ ಪ್ಲಾಸ್ಟಿಕ್ಕಿನಲ್ಲೇ.

ಒಂದು ಗಂಟು ಮಾತ್ರ ಬಿಚ್ಚಿಲ್ಲ. ಮರದ ಕೆಳಗೆ ಇವು ಹೂಬಿಟ್ಟು ಬೀಜ ಉದುರಿಸಿದರೂ ಅಲ್ಲಿ ತಾವಾಗಿ ಮೊಳೆಯಲಾರವು. ನನ್ನ ಮರ ಎಲೆ ಉದುರಿಸುವ ಜಾತಿ. ಕೊಂಬೆ ಬೋಳಾದ ಮೇಲೆ ಉಳಿದ ಬೀಜವನ್ನು ಅಲ್ಲೇ ಚೆಲ್ಲಿ ನೋಡಬೇಕು.

ಎರಡನೇ ಟ್ರೇಯಲ್ಲಿ ಇವತ್ತು ಇನ್ನೂ ನಾಲ್ಕು ಹಸಿರು ಚುಕ್ಕೆ. ಮೂರು ಸಸಿ, ಒಂದು ಪಾಚಿ.