ತಿಗರಿ ಕಲಿಯಲು ಎಷ್ಟು ದಿನ ಬೇಕು?

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ಎರಡು ವಿದ್ಯುತ್ ತಿಗರಿಗಳಿವೆ, ಅಂದರೆ ಮಡಕೆ ಮಾಡುವ ಕುಂಬಾರನ ಚಕ್ರಗಳು. ರವಿವಾರ ಬೆಳಿಗ್ಗೆ ಅಲ್ಲಿಗೆ ಕಲಿಯಲು ಬರುವವರು, ಬರಬೇಕೆಂದು ಫೋನ್ ಮಾಡುವವರು, ಮದುವೆಯ ಊಟದಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಇದನ್ನು ಕಲಿಯಲು ಎಷ್ಟು ದಿನ ಬೇಕು?” ಕೆಲವರು ಇನ್ನೂ ಸ್ವಲ್ಪ ಮುಂದೆ ಹೋಗಿ, ಬೇಸಿಗೆ ರಜೆಯ ಹದಿನೈದು ದಿನ ಸಾಕಾಗುತ್ತದೆಯೇ, ಮಡಕೆಯ ಮೇಲೆ ಡಿಸೈನ್ ಮಾಡುವುದನ್ನೂ ಅಷ್ಟರಲ್ಲೇ ಹೇಳಿಕೊಡುತ್ತೀರಾ ಎಂದು ವಿಚಾರಿಸುತ್ತಾರೆ. ಒಂದು ವರ್ಷ ಬೇಕು, ಆ ವರ್ಷದಲ್ಲಿ ಒಂದು ಇಡೀ ಮಳೆಗಾಲ ಇರಲೇಬೇಕು ಎಂದು ನಾನು ಉತ್ತರಿಸಿದರೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೆನೆದು ನಗುತ್ತಾರೆ. ನಾನು ಅದನ್ನು ತಮಾಷೆಗೆ ಹೇಳುವುದಿಲ್ಲವಾದ್ದರಿಂದ, ಮಳೆಗಾಲ ಯಾಕೆ ಬೇಕು ಎಂಬುದನ್ನು ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ತಿಗರಿಯ ಮಾತು. ಅದನ್ನು ದಿನಗಳಿಂದ ಎಣಿಸುವುದಕ್ಕಿಂತ ಮಣ್ಣಿನ ಮುದ್ದೆಗಳಿಂದ ಎಣಿಸುವುದು ಸರಿ. ಚೆನ್ನಾಗಿ ನಾದಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸಿದ ಅರ್ಧ ಕಿಲೋ ಮುದ್ದೆಯನ್ನು ತಿಗರಿಯ ನಟ್ಟನಡುವೆ ನಿಲ್ಲಿಸುವುದೇ ಮೊದಲ ಪಾಠ, ಮತ್ತು ಹೊಸಬರಲ್ಲಿ ಹೆಚ್ಚಿನವರು ಸೋಲುವುದೂ ಅಲ್ಲೇ. ಅವರು ಮಣಿಕಟ್ಟಿನ ಬಲದಿಂದ ಮಣ್ಣನ್ನು ಒತ್ತಲು ಹೋಗುತ್ತಾರೆ. ತಿರುಗುವ ಮಣ್ಣು ಅವರ ಕೈಯನ್ನೇ ಅಲುಗಾಡಿಸುತ್ತದೆ. ಮೊಣಕೈಯನ್ನು ತೊಡೆಗೆ ಊರಿ, ಮೈಯ ಭಾರವನ್ನೇ ಅಂಗೈಗೆ ತಂದು, ಮುದ್ದೆಯನ್ನು ಎರಡು ಮೂರು ಸಲ ಶಂಕುವಿನಂತೆ ಮೇಲೆತ್ತಿ ಮತ್ತೆ ಕೆಳಗೊತ್ತಿದರೆ ಅದು ನಿಲ್ಲುತ್ತದೆ. ಜೇಡಿಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಚಪ್ಪಟೆಯಾದ ಬಿಲ್ಲೆಗಳು. ಅವುಗಳ ನಡುವಿನ ತೆಳುವಾದ ನೀರಿನ ಪದರವೇ ಒಂದರ ಮೇಲೊಂದು ಜಾರುವುದಕ್ಕೆ ಎಡೆ ಮಾಡುತ್ತದೆ, ಮತ್ತು ಹೀಗೆ ಎತ್ತಿ ಒತ್ತುವುದರಿಂದ ಕಣಗಳು ಒಂದೇ ಕಡೆಗೆ ಸಾಲುಗೂಡುತ್ತವೆ. ಕೈಯನ್ನು ತೆಗೆಯುವಾಗ ನಿಧಾನವಾಗಿ ತೆಗೆಯಬೇಕು. ಥಟ್ಟನೆ ಬಿಟ್ಟರೆ ನಿಂತ ಮಣ್ಣು ಮತ್ತೆ ಓಲಾಡುತ್ತದೆ.

ಮುಂದಿನದು ಹೆಬ್ಬೆರಳಿನಿಂದ ನಡುವೆ ಗುಂಡಿ ತೆರೆಯುವುದು, ತಳವನ್ನು ಬೆರಳಿನಿಂದ ಒತ್ತಿ ಬಿಗಿ ಮಾಡುವುದು, ಒಳಗೊಂದು ಹೊರಗೊಂದು ಬೆರಳಿಟ್ಟು ಗೋಡೆಯನ್ನು ಮೇಲೆಳೆಯುವುದು. ತಳವನ್ನು ಒತ್ತುವುದನ್ನು ಮರೆತವರ ಪಾತ್ರೆಯಲ್ಲಿ ಒಣಗುವಾಗ ಹಾವು ಮಲಗಿದಂತೆ ಒಂದು ಬಿರುಕು ಕಾಣಿಸಿಕೊಳ್ಳುತ್ತದೆ. ನನ್ನ ಬಳಿ ಬರುವವರು ಮೊದಲ ಇಪ್ಪತ್ತು ಪಾತ್ರೆಗಳಲ್ಲಿ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. ಪ್ರತಿಯೊಂದನ್ನೂ ತಂತಿಯಿಂದ ಉದ್ದಕ್ಕೆ ಸೀಳಿ, ಗೋಡೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂದು ನೋಡಿ, ಮಣ್ಣನ್ನು ಮತ್ತೆ ಬಕೆಟ್ಟಿಗೆ ಹಾಕಬೇಕು. ಇದರಿಂದ ಬೇಸರಗೊಂಡು ಬಿಟ್ಟುಹೋದವರಿದ್ದಾರೆ. ಬಿಡದೆ ವಾರಕ್ಕೆ ಎರಡು ದಿನ ಕುಳಿತವರ ಕೈಗೆ ಮೂರು ನಾಲ್ಕು ತಿಂಗಳಲ್ಲಿ ಒಂದು ನೆಟ್ಟಗಿನ ಲೋಟವೂ ಒಂದು ಬಟ್ಟಲೂ ಬಂದೇ ಬರುತ್ತವೆ. ತಿಗರಿ ಅಷ್ಟು ಹೊತ್ತಿನ ಕೆಲಸ. ಹಾಗಾದರೆ ಉಳಿದ ತಿಂಗಳುಗಳು ಯಾವುದಕ್ಕೆ ಎಂಬುದೇ ಈ ಬರಹದ ವಿಷಯ.

ನಾನು ಕಲಿತದ್ದು ಖಾನಾಪುರ ತಾಲ್ಲೂಕಿನ ಒಂದು ಕುಂಬಾರರ ಮನೆಯಲ್ಲಿ. ಖಾನಾಪುರದ ಕೆಂಪು ಜೇಡಿಗೆ ಈ ಭಾಗದಲ್ಲಿ ಹಳೆಯ ಹೆಸರಿದೆ. ಹಂಚು, ಇಟ್ಟಿಗೆ, ಗಡಿಗೆಗಳ ಊರು ಅದು, ಮತ್ತು ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿರುವುದೂ ಆ ಮಣ್ಣಿನ ಕಾರಣದಿಂದಲೇ ಇರಬೇಕು. ನಾನು ಕಾಕಾ ಎಂದು ಕರೆಯುತ್ತಿದ್ದ ಆ ಹಿರಿಯರು ತಿಗರಿಯ ಮುಂದೆ ಕುಳಿತರೆ ನೋಡುವವರಿಗೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ಆದರೆ ಅವರ ತಿಗರಿಯಿಂದ ಇಳಿಯುತ್ತಿದ್ದುದು ಪೂರ್ತಿ ಗಡಿಗೆಯಾಗಿರಲಿಲ್ಲ ಎಂಬುದು ನನಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಬಾಯಿ, ಕಂಠ ಮಾತ್ರ ನಯವಾಗಿ, ಹೊಟ್ಟೆ ದಪ್ಪವಾಗಿ, ತಳವೇ ಇಲ್ಲದೆ ಇಳಿದ ಆ ಪಾತ್ರೆ ನೆರಳಿನಲ್ಲಿ ಅರೆ ಒಣಗುತ್ತಿತ್ತು. ಆಮೇಲೆ ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು, ಅದನ್ನು ಮಡಿಲಿಗೆ ಎಳೆದುಕೊಂಡು, ಒಳಗೊಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತ, ಹೊಟ್ಟೆಯನ್ನು ಉಬ್ಬಿಸಿ ತಳವನ್ನು ಮುಚ್ಚುತ್ತಿದ್ದರು. ಒಂದು ಸುತ್ತು ತಟ್ಟಿ ಬಿಡುವುದು, ಇನ್ನಷ್ಟು ಒಣಗಿದ ಮೇಲೆ ಇನ್ನೊಂದು ಸುತ್ತು. ಹುರಮಂಜು ಎಂಬ ಕೆಂಪು ಮಣ್ಣನ್ನು ನೀರಿನಲ್ಲಿ ಕದಡಿ ಬಳಿಯುವುದೂ, ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಹೊಳಪು ತರುವುದೂ, ಕಂಠದ ಸುತ್ತ ಗೆರೆ ಕೊರೆಯುವುದೂ ಅವರದೇ ಕೆಲಸ. ತಿಗರಿಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಆ ಮನೆಯ ಪದ್ಧತಿ ಹಾಗಿತ್ತು.

ಕಾಕಾನನ್ನು ಏನು ಕೇಳಿದರೂ ತೋರಿಸಿಕೊಡುತ್ತಿದ್ದರು. ಯಾವಾಗ ತಟ್ಟಬೇಕು, ಯಾವಾಗ ಬಳಿಯಬೇಕು ಎಂದು ಕೇಳಿದರೆ ಮಾತ್ರ, “ಅಕೀನ್ನ ಕೇಳವಾ, ನಂಗ ಗೊತ್ತಾಗಂಗಿಲ್ಲ” ಎಂದು ಒಳಗೆ ಕೈ ತೋರಿಸುತ್ತಿದ್ದರು. ಕಾಕು ಪಾತ್ರೆಯನ್ನು ಎತ್ತಿ ಕೆನ್ನೆಗೆ ಹಚ್ಚಿ, “ಇನ್ನಾ ತಣ್ಣಗ ಐತಿ ತಂಗಿ, ಸಂಜೀಕ ನೋಡೂಣು” ಎನ್ನುತ್ತಿದ್ದರು. ಒಳಗೆ ನೀರಿರುವ ತನಕ ಅದು ಆರುತ್ತಲೇ ಇರುತ್ತದೆ, ಆರುವಾಗ ಮಣ್ಣು ತಂಪಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಹರವಿಯ ನೀರನ್ನು ತಣ್ಣಗಿಡುವುದೂ ಇದೇ ತತ್ವ. ಕೈಗಿಂತ ಕೆನ್ನೆಗೆ ತಂಪು ಬೇಗ ತಿಳಿಯುತ್ತದೆ. ಇಂದಿಗೂ ನಾನು ಬಳಸುವ ಪರೀಕ್ಷೆ ಅದೊಂದೇ.

ಅಲಂಕಾರದ ವಿಷಯಕ್ಕೆ ಬಂದರೆ, ಜನ ಅದನ್ನು ಕೊನೆಯಲ್ಲಿ ಹಚ್ಚುವ ಬಣ್ಣ ಎಂದು ತಿಳಿದಿರುತ್ತಾರೆ. ಅಂಗಡಿಯಿಂದ ಸುಟ್ಟ ಮಡಕೆ ತಂದು ಅಕ್ರಿಲಿಕ್ ಬಳಿಯುವವರಿಗೆ ಆ ಮಾತು ಒಪ್ಪುತ್ತದೆ. ಮಣ್ಣಿನಿಂದಲೇ ಮಾಡುವ ಅಲಂಕಾರದಲ್ಲಿ ಮಾತ್ರ ಪ್ರತಿಯೊಂದು ವಿಧಾನಕ್ಕೂ ತನ್ನದೇ ಒಂದು ಹಸಿತನವಿದೆ, ಆ ಹದ ಕಳೆದ ಮೇಲೆ ಅದನ್ನು ಮಾಡಲಾಗುವುದಿಲ್ಲ. ಬೆರಳಿನ ಸುರುಳಿಗೆರೆ, ಹಣಿಗೆಯ ಹಲ್ಲಿನಿಂದ ಎಳೆದ ಅಲೆ ಇವೆಲ್ಲ ಪಾತ್ರೆ ತಿಗರಿಯ ಮೇಲೆ ತಿರುಗುತ್ತಿರುವಾಗಲೇ ಆಗಬೇಕು. ಅಚ್ಚು ಒತ್ತುವುದು ಅದಾದ ಕೆಲವು ಗಂಟೆಗೆ, ಗೋಡೆ ಕುಸಿಯದಷ್ಟು ಬಿಗಿಯಾದರೂ ಒತ್ತಿದರೆ ತಗ್ಗುವಷ್ಟು ಮೆತ್ತಗಿರುವಾಗ. ಒಳಗಿನಿಂದ ಬೆರಳು ಆಸರೆ ಕೊಡದಿದ್ದರೆ ಗೋಡೆಯೇ ಒಳಗೆ ಹೋಗುತ್ತದೆ.

ಆ ಮೇಲೆ ಬರುವುದು ಚರ್ಮದ ಹದ. ಪಾತ್ರೆಯನ್ನು ಎತ್ತಿದರೆ ಆಕಾರ ಕೆಡುವುದಿಲ್ಲ, ಉಗುರಿನಿಂದ ಗೀರಿದರೆ ಪುಡಿಯಾಗದೆ ಗೆರೆ ಮೂಡುತ್ತದೆ. ಅತ್ಯಂತ ಹೆಚ್ಚು ಕೆಲಸ ನಡೆಯುವ ಹೊತ್ತು ಇದು: ತಳವನ್ನು ಹೆರೆಯುವುದು, ಹಿಡಿ ಅಂಟಿಸುವುದು, ತೂತು ಕೊರೆದು ಜಾಲಿಯ ಕೆಲಸ ಮಾಡುವುದು, ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದ ಬೇರೆ ಬಣ್ಣದ ಮಣ್ಣನ್ನು, ಅಂದರೆ ಸ್ಲಿಪ್ಪನ್ನು, ಮೇಲೆ ಬಳಿಯುವುದು. ಕೆಂಪು ಪಾತ್ರೆಗೆ ಬಿಳಿ ಸ್ಲಿಪ್ ಬಳಿದು, ಅದರ ನೀರಿನ ಹೊಳಪು ಆರಿದೊಡನೆ ಚೂಪಾದ ಕಡ್ಡಿಯಿಂದ ಗೀರಿದರೆ ಕೆಳಗಿನ ಕೆಂಪು ಗೆರೆಯಾಗಿ ಕಾಣುತ್ತದೆ. ಇಟಲಿಯ ಭಾಷೆಯಿಂದ ಬಂದ ಸ್ಗ್ರಾಫಿಟೊ ಎಂಬ ಹೆಸರು ಅದಕ್ಕಿದೆ. ನಾವು ಗೀರುಚಿತ್ರ ಎನ್ನುತ್ತೇವೆ. ಅದರ ತಿರುವುಮುರುವು, ಮೊದಲು ಗೆರೆ ಕೊರೆದು, ಅದರಲ್ಲಿ ಬೇರೆ ಬಣ್ಣದ ಮಣ್ಣು ತುಂಬಿ, ಒಣಗಿದ ಮೇಲೆ ಮೇಲ್ಭಾಗವನ್ನು ಹೆರೆದು ಗೆರೆಯೊಳಗಿನದನ್ನು ಮಾತ್ರ ಉಳಿಸುವುದು. ಚರ್ಮದ ಹದಕ್ಕಿಂತ ತುಸು ಹೆಚ್ಚು ಒಣಗಿದಾಗ, ಎಲುಬಿನಂತೆ ಗಟ್ಟಿಯಾಗುವ ಮೊದಲು, ಹೊಳೆಗಲ್ಲಿನಿಂದ ಉಜ್ಜುವ ಕೆಲಸ. ಉಜ್ಜಿದಾಗ ಆ ಚಪ್ಪಟೆ ಕಣಗಳು ಮೇಲ್ಮೈಗೆ ಸಮವಾಗಿ ಮಲಗಿ ಕನ್ನಡಿಯಂತೆ ಬೆಳಕನ್ನು ತಿರುಗಿಸುತ್ತವೆ.

ಇದರಲ್ಲಿ ಮಳೆಗಾಲದ ಪಾತ್ರವೇನೆಂದರೆ, ಚರ್ಮದ ಹದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಹವೆ ನಿರ್ಧರಿಸುತ್ತದೆ. ನನ್ನ ಹಿತ್ತಲಲ್ಲಿ ಒಂದೇ ಅಳತೆಯ ಬಟ್ಟಲು ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ತಿರುಗಿಸಿದ್ದು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಆ ಹದ ದಾಟಿರುತ್ತದೆ. ಜುಲೈಯಲ್ಲಿ, ಹೊರಗೆ ಮೂರು ದಿನದಿಂದ ಜಿಟಿಜಿಟಿ ಹಿಡಿದಿರುವಾಗ, ನಾಲ್ಕನೆಯ ದಿನವೂ ಬೆರಳಿಗೆ ಅಂಟುತ್ತಿರುತ್ತದೆ. ವಿಜಯಪುರದಲ್ಲಿ ಕಲಿತು ಬಂದಿದ್ದ ಒಬ್ಬರು ಅಲ್ಲಿನ ಒಣಹವೆಯ ಅಭ್ಯಾಸದಂತೆ ಜೂನ್ ಕೊನೆಯಲ್ಲಿ ತಮ್ಮ ಹೂಜಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಬಿಗಿದು ಊರಿಗೆ ಹೋದರು. ಹತ್ತು ದಿನದ ಮೇಲೆ ತೆಗೆದಾಗ ಹೂಜಿಯ ಮೇಲೆ ಹಸಿರು ಬೂಷ್ಟು ಬೆಳೆದಿತ್ತು. ಅವರ ಕೈ ನನಗಿಂತ ಚೆನ್ನಾಗಿ ಪಳಗಿತ್ತು. ನಮ್ಮೂರಿನ ಮಳೆ ಅವರಿಗೆ ಹೊಸತು.

ನನ್ನ ತಪ್ಪುಗಳು ಇದಕ್ಕಿಂತ ದುಬಾರಿಯಾದವು. ಮೊದಲ ಮಾರ್ಚ್‌ನಲ್ಲಿ ಹನ್ನೆರಡು ಬಟ್ಟಲುಗಳು ಪೂರ್ತಿ ಒಣಗಿದ ಮೇಲೆ, ಬಿಳಿ ಸ್ಲಿಪ್ ಬಳಿದರೆ ಏನಾದೀತು ಎಂದು ಬಳಿದುಬಿಟ್ಟೆ. ಸುಟ್ಟು ತೆಗೆದಾಗ ಬಿಳಿ ಪದರ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಮಣ್ಣು ಒಣಗುವಾಗ ಕುಗ್ಗುತ್ತದೆ. ಒಣಗಿದ ಬಟ್ಟಲು ಕುಗ್ಗಿ ಮುಗಿದಿತ್ತು, ಮೇಲಿನ ಹಸಿ ಪದರ ಆಗಷ್ಟೇ ಕುಗ್ಗತೊಡಗಿತ್ತು, ಹೀಗಾಗಿ ಎರಡಕ್ಕೂ ಹೊಂದಾಣಿಕೆಯಾಗಲಿಲ್ಲ. ಈಗ ಹೊಸಬರಿಗೆ ಮೊದಲ ವಾರವೇ ಒಂದು ಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಲು ಹೇಳುತ್ತೇನೆ. ಒಣಗಿದ ಮೇಲೆ ಅದು 9.3 ಆಸುಪಾಸಿಗೆ, ಸುಟ್ಟ ಮೇಲೆ ಇನ್ನೂ ಕೆಳಗೆ ಇಳಿದಿರುವುದನ್ನು ಅವರೇ ಅಳೆದು ನೋಡಿದರೆ ನಾನು ಹೆಚ್ಚು ಹೇಳಬೇಕಾಗುವುದಿಲ್ಲ. ಇನ್ನೊಂದು ತಪ್ಪು ಮಳೆಗಾಲದ್ದು: ಗಣೇಶ ಚೌತಿಗೆ ಮುಂಚೆ ಮುಗಿಸಬೇಕೆಂಬ ಅವಸರದಲ್ಲಿ, ಕೆನ್ನೆಗೆ ಇನ್ನೂ ತಂಪಿದ್ದ ಒಂದು ದಪ್ಪ ತಳದ ಕುಂಡವನ್ನು ಭಟ್ಟಿಗೆ ಇಟ್ಟೆ. 100 ಡಿಗ್ರಿ ದಾಟುತ್ತಿದ್ದಂತೆ ಒಳಗಿನ ನೀರು ಹಬೆಯಾಗಿ, ಢಂ ಎಂದು ಸಿಡಿದು, ಪಕ್ಕದ ಐದು ಪಾತ್ರೆಗಳನ್ನೂ ಜೊತೆಗೆ ಒಯ್ದಿತು.

ಮಣ್ಣಿನ ಆಯ್ಕೆಯೂ ಒಣಗುವುದಕ್ಕೇ ಸೇರಿದ ಮಾತು. ಬಾಗಲಕೋಟೆ, ವಿಜಯಪುರ ಕಡೆಯವರು ತಮ್ಮ ಹೊಲದ ಎರೆಮಣ್ಣನ್ನು ಚೀಲದಲ್ಲಿ ತಂದು, ಇದರಲ್ಲಿ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟರೆ ಕರಗಿಯೂ ಹೋಗುತ್ತದೆ. ಆದರೆ ಎರೆ ನೀರು ಕುಡಿದು ವಿಪರೀತ ಉಬ್ಬುವ, ಆರಿದರೆ ಹೊಲದಲ್ಲೇ ಕಾಲು ಸಿಗುವಷ್ಟು ಬಾಯಿಬಿಡುವ ಮಣ್ಣು. ಬರಿಯ ಎರೆಯಲ್ಲಿ ತೆಳುಗೋಡೆಯ ಪಾತ್ರೆ ಮಾಡಿದರೆ ಅದೇ ಬಿರುಕು ಅಲ್ಲೂ ಬರುತ್ತದೆ. ಮರಳನ್ನೋ ಕೆಂಪು ಜೇಡಿಯನ್ನೋ ಬೆರೆಸಬೇಕು.

ವಿನ್ಯಾಸದ ಬಗ್ಗೆ ಒಂದು ಮಾತು ಹೇಳದಿದ್ದರೆ ಬರುವವರಲ್ಲಿ ಅರ್ಧ ಜನ ಮುನಿಸಿಕೊಂಡಾರು. ಕಸೂತಿಯ ಗೋಪುರ, ತೇರುಗಳನ್ನು ಮಡಕೆಯ ಮೇಲೆ ಗೀರಬೇಕೆಂಬ ಆಸೆ ಬಹಳ ಜನರಿಗಿದೆ. ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವ ಕಲೆ, ಅಲ್ಲಿ ಚೌಕಗಳೆಲ್ಲ ಒಂದೇ ಅಳತೆಯವು. ಗಡಿಗೆಯ ಮೈಯಲ್ಲಿ ಹಾಗಿಲ್ಲ. ಹೊಟ್ಟೆಯಿಂದ ಕಂಠಕ್ಕೆ ಹೋದಂತೆ ಸುತ್ತಳತೆ ಕಿರಿದಾಗುತ್ತದೆ, ಕಾಗದದಿಂದ ಪಡಿಮೂಡಿಸಿದ ಗೋಪುರ ಮೇಲೆ ಹೋಗುತ್ತ ಪಕ್ಕದ್ದಕ್ಕೆ ಡಿಕ್ಕಿ ಹೊಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಳಕಲ್ ಸೀರೆಯ ಸೆರಗಿನ ಟೋಪ್ ತೆನಿ ಇದಕ್ಕೆ ಹೆಚ್ಚು ಒಗ್ಗುತ್ತದೆ. ಅದರ ಚೂಪು ಮೇಲಕ್ಕೆ ಕಿರಿದಾಗುವಂಥದ್ದೇ ಆದ್ದರಿಂದ ಗಡಿಗೆಯ ಹೆಗಲಿನ ಮೇಲೆ ತಾನಾಗಿ ಕೂರುತ್ತದೆ.

ಸುಡುವುದನ್ನು ಮೊದಲ ವರ್ಷ ನಾನೇ ಮಾಡಿಕೊಡುತ್ತೇನೆ. ಕಾಕಾನ ಆವಿಗೆಯಲ್ಲಿ ಕುಳ್ಳು, ಕಟ್ಟಿಗೆ, ಹುಲ್ಲು ಹೊತ್ತುತ್ತಿದ್ದವು. ನನ್ನದು ವಿದ್ಯುತ್ ಭಟ್ಟಿ, ಅದರಲ್ಲಿ ಮೊದಲ ಸುಡಿಕೆಯನ್ನು ಸುಮಾರು 1000 ಡಿಗ್ರಿಗೆ ಒಯ್ಯುತ್ತೇನೆ. ಕಲಿಯುವವರು ಎರಡನ್ನು ತಿಳಿದಿದ್ದರೆ ಸಾಕು. ಕೆಂಡದ ಬಣ್ಣ ಕಾಣುವ ಹೊತ್ತಿಗೆ, 600 ಡಿಗ್ರಿಯ ಸುತ್ತಮುತ್ತ, ಮಣ್ಣು ತನ್ನೊಳಗೆ ಬೆಸೆದುಕೊಂಡಿದ್ದ ನೀರನ್ನೂ ಬಿಟ್ಟುಕೊಡುತ್ತದೆ, ಅಲ್ಲಿಂದ ಅದನ್ನು ಎಷ್ಟು ನೆನೆಸಿದರೂ ಮತ್ತೆ ಕೆಸರಾಗುವುದಿಲ್ಲ. ಗಾಳಿ ಆಡುವಂತೆ ಸುಟ್ಟರೆ ಮಣ್ಣಿನ ಕಬ್ಬಿಣದಂಶ ಕೆಂಪಾಗುತ್ತದೆ, ಗಾಳಿ ಮುಚ್ಚಿ ಹೊಗೆಯಲ್ಲಿ ಸುಟ್ಟರೆ ಅದೇ ಪಾತ್ರೆ ಕಪ್ಪಾಗುತ್ತದೆ.

ಯಾವಾಗ ಸೇರಬೇಕೆಂದು ಕೇಳುವವರಿಗೆ ನಾನು ದೀಪಾವಳಿ ಮುಗಿದ ವಾರ ಬನ್ನಿ ಎನ್ನುತ್ತೇನೆ. ಆ ಹವೆಯಲ್ಲಿ ಮಣ್ಣು ಅವಸರವಿಲ್ಲದೆ ಆರುತ್ತದೆ, ಹೊಸ ಕೈಗೆ ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಕೈ ತಿಗರಿಗೆ ಹೊಂದಿರುತ್ತದೆ, ಆಗ ಒಣಗಾಳಿಯ ಜೊತೆ ಓಡುವುದನ್ನು ಕಲಿಯಬಹುದು. ಮಳೆ ಬಿದ್ದ ಮೇಲೆ ಕಾಯುವುದನ್ನು. ಬರುವಾಗ ಒಂದು ಹಳೆಯ ನೂಲಿನ ಸೀರೆ, ಪಾತ್ರೆ ಮುಚ್ಚಲು ಎರಡು ಪ್ಲಾಸ್ಟಿಕ್ ಚೀಲ, ಗೀರಲು ಸೈಕಲ್ಲಿನ ಒಂದು ಹಳೆಯ ಕಡ್ಡಿ ತಂದರೆ ಸಾಕು. ಉಗುರುಗಳನ್ನು ಮಾತ್ರ ಮನೆಯಲ್ಲೇ ಕತ್ತರಿಸಿಕೊಂಡು ಬನ್ನಿ.