ಆಲ್ಮಾಳ ಮೌತ್ ಆರ್ಗನ್

ಟೈಟಾನಿಕ್ ಅಂದ್ರೆ ಎಲ್ರಿಗೂ ಹಡಗಿನ ತುದೀಲಿ ಕೈ ಚಾಚಿ ನಿಂತ ಆ ಜೋಡೀನೇ ನೆನಪಾಗೋದು. ನಂಗೂ ಹಾಗೇ ಇತ್ತು, ಸಮುದ್ರದಿಂದ ಎತ್ತಿದ 206ನೇ ನಂಬರ್ ಹೆಣದ ಬಗ್ಗೆ ಓದೋ ತನಕ.

ಆಲ್ಮಾ ಪೋಲ್ಸನ್, ಸ್ವೀಡನ್ನಿನವಳು, ವಯಸ್ಸು 29. ಗಂಡ ನಿಲ್ಸ್ ಅಲ್ಲಿ ಗಣೀಲಿ ಕೆಲ್ಸ ಮಾಡ್ತಿದ್ದೋನು, ಮೊದ್ಲು ಒಬ್ನೇ ಅಮೆರಿಕಕ್ಕೆ ಹೋಗಿ ಶಿಕಾಗೋದಲ್ಲಿ ಟ್ರಾಮ್ ಕಂಡಕ್ಟರ್ ಆಗಿ, ಆಮೇಲೆ ಹೆಂಡ್ತಿ ಮಕ್ಕಳನ್ನ ಕರೆಸ್ಕೊಂಡ. ನಾಲ್ಕು ಮಕ್ಕಳು, ದೊಡ್ಡೋಳಿಗೆ 8, ಕೊನೇ ಗೋಸ್ಟಾಗೆ 2. ಥರ್ಡ್ ಕ್ಲಾಸು, ಟಿಕೆಟ್ ನಂಬರ್ 349909, ಎಲ್ರಿಗೂ ಸೇರಿ 21 ಪೌಂಡ್ ಚಿಲ್ರೆ. ನಾನು ಇಬ್ರನ್ನ ಕಟ್ಕೊಂಡು ಬೆಂಗ್ಳೂರಿಂದ ಹುಬ್ಳಿಗೆ ಹೋಗೋಷ್ಟ್ರಲ್ಲೇ ಹೈರಾಣಾಗ್ತೀನಿ, ಇವ್ಳು ನಾಲ್ವರನ್ನ ಒಬ್ಳೇ ಕರ್ಕೊಂಡು ಸಮುದ್ರ ದಾಟೋಕೆ ಹೊರಟಿದ್ಲು.

ಬದುಕಿ ಬಂದ ಒಬ್ಬ ಸ್ವೀಡನ್ನಿನೋನು ಅವಳ ಇಬ್ರು ಮಕ್ಕಳನ್ನ ಹಿಡ್ಕೊಂಡಿದ್ದೆ, ನೀರು ಕಿತ್ಕೊಂಡು ಹೋಯ್ತು ಅಂತ ಹೇಳಿದಾನೆ. ಆಲ್ಮಾಳ ಹೆಣ ಮಾತ್ರ ಸಿಕ್ತು. ಅವಳ ಹತ್ರ ಇದ್ದಿದ್ದು ಮದುವೆ ಉಂಗುರ, 65 ಕ್ರೋನರ್ (ಸ್ವೀಡನ್ ದುಡ್ಡು), ಶಿಕಾಗೋ ಅಡ್ರೆಸ್ ಇದ್ದ ಗಂಡನ ಕಾಗ್ದ, ಒಂದು ಮೌತ್ ಆರ್ಗನ್. ಮಕ್ಕಳು ರಚ್ಚೆ ಹಿಡಿದ್ರೆ ನುಡಿಸೋಕೆ ಇಟ್ಕೊಂಡಿದ್ಲೇನೋ, ಅಥ್ವಾ ತನಗೇ ಇಷ್ಟ ಅಂತಾನೋ.

ಕೆನಡಾದ ಹ್ಯಾಲಿಫ್ಯಾಕ್ಸಿನ ಸ್ಮಶಾನದಲ್ಲಿ ಅವಳನ್ನ ಮಣ್ಣು ಮಾಡಿದ್ರು. ಹತ್ರದಲ್ಲೇ ಇನ್ನೊಂದು ಗೋರಿ, ಯಾರದ್ದು ಅಂತ ಗೊತ್ತಾಗದ ಗಂಡುಮಗೂದು, ಹೆಣ ಎತ್ತಿದ ನಾವಿಕರೇ ದುಡ್ಡು ಹಾಕಿ ಕಲ್ಲು ನಿಲ್ಸಿದಾರೆ. ಅದು ಗೋಸ್ಟಾನೇ, ತಾಯಿ ಪಕ್ಕಕ್ಕೇ ಬಂದಿದಾನೆ ಅಂತ ಜನ ತುಂಬಾ ವರ್ಷ ನಂಬಿದ್ರು. 2002ರಲ್ಲಿ ಡಿಎನ್ಎ ನೋಡಿ ಅಲ್ಲ, ಫಿನ್‌ಲೆಂಡಿನ 13 ತಿಂಗಳ ಕೂಸು ಅಂದ್ರು. ಅದೂ ತಪ್ಪು! ಮಗೂನ ಶೂ ಒಬ್ಬ ಪೊಲೀಸ್ ಸಾರ್ಜೆಂಟ್ ಹತ್ರ ಉಳ್ಕೊಂಡಿತ್ತು (ಬಟ್ಟೆಬರೆ ಎಲ್ಲಾ ಸುಡಿ ಅಂತ ಆರ್ಡರ್ ಇತ್ತು, ಶೂ ಸುಡೋಕೆ ಅವನಿಗೆ ಮನಸ್ಸು ಬರ್ಲಿಲ್ಲ), ನೋಡಿದ್ರೆ 13 ತಿಂಗಳ ಕೂಸಿಗೆ ಅದು ದೊಡ್ಡದು. ಮತ್ತೆ ಟೆಸ್ಟ್ ಮಾಡಿ 2007ರಲ್ಲಿ ಇಂಗ್ಲೆಂಡಿನ ಸಿಡ್ನಿ ಗುಡ್ವಿನ್, 19 ತಿಂಗಳು ಅಂತ ಗೊತ್ತಾಯ್ತು. ಅವರಪ್ಪ ಅಮ್ಮ, ಐದು ಜನ ಅಣ್ಣ ಅಕ್ಕಂದ್ರೂ ಅದೇ ಹಡಗಲ್ಲಿ ತೀರ್ಕೊಂಡ್ರು.

ಸಿಡ್ನಿಗೆ ಹೆಸರು ಸಿಕ್ಕಿದ್ದು ಒಳ್ಳೇದೇ ಬಿಡಿ. ಆದ್ರೆ ಆಲ್ಮಾ ಕಲ್ಲಿನ ಮೇಲೆ ನಾಲ್ಕೂ ಮಕ್ಕಳ ಹೆಸರು ವಯಸ್ಸು ಕೆತ್ತಿದಾರೆ, ಕೆಳಗಡೆ ಮಲಗಿರೋದು ಅವಳೊಬ್ಳೇ.