“ಒಂದು ನಿದ್ದೆ ಮಾತ್ರೆ ತಗೊಂಡು ಮಲಗಬಾರದಾ?”

ನನಗೆ ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ ಇದೆ ಅಂತ ಗೊತ್ತಾಗಿ 9 ವರ್ಷ ಆಯಿತು. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ನನ್ನ ರಾತ್ರಿಗಳು ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಕ್ಕವರು ಮುಖ ನೋಡಿ “ರಾತ್ರಿ ನಿದ್ದೆ ಆಗಿಲ್ವಾ?” ಅನ್ನುತ್ತಾರೆ. ಹಿಂದೆಯೇ ಬರುವ ಪ್ರಶ್ನೆ ಒಂದೇ: “ಒಂದು ನಿದ್ದೆ ಮಾತ್ರೆ ತಗೊಂಡು ಮಲಗಬಾರದಾ?” ಪ್ರೀತಿಯಿಂದಲೇ ಕೇಳುತ್ತಾರೆ. ಹಾಗಾಗಿ ಒಂದು ಸಲ ಕೂತು ಸರಿಯಾಗಿ ಉತ್ತರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನನಗೆ ನಿದ್ದೆ ಬರುತ್ತದೆ. 10 ಗಂಟೆಗೆ ತಲೆ ಇಟ್ಟರೆ ಬೇಗನೇ ಬರುತ್ತದೆ. ಎಚ್ಚರ ಆಗುವುದು ಎರಡೂವರೆ ಹೊತ್ತಿಗೆ. ಆಗ ಮೈ ಮರದ ದಿಮ್ಮಿ ಆಗಿರುತ್ತದೆ. ಮಗ್ಗುಲು ಬದಲಾಯಿಸಬೇಕು ಅನಿಸುತ್ತದೆ, ಸೊಂಟ ಏಳುವುದಿಲ್ಲ. ಹೊದಿಕೆ ಕಾಲಿಗೆ ಸುತ್ತಿಕೊಂಡಿರುತ್ತದೆ, ಬಿಡಿಸಲು ಕೈ ಬರುವುದಿಲ್ಲ. ಸುಮ್ನೆ ಸೂರು ನೋಡುತ್ತಾ ಮಲಗಿರಬೇಕು.

ಇದು ನಿದ್ದೆಯ ತೊಂದರೆ ಅಲ್ಲ, ಮಾತ್ರೆ ಮುಗಿದ ತೊಂದರೆ. ಈ ಕಾಯಿಲೆಗೆ ನಮ್ಮಲ್ಲಿ ಹೆಚ್ಚಿನವರು ನುಂಗುವ ಮುಖ್ಯ ಮಾತ್ರೆ ಲೆವೊಡೋಪಾ. ಅದು ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ 8ಕ್ಕೆ ತಗೊಂಡದ್ದು ಎರಡೂವರೆ ತನಕ ಎಲ್ಲಿ ಉಳಿಯುತ್ತದೆ? ಇದನ್ನು ಡಾಕ್ಟರಿಗೆ ಹೇಳಿದ ಮೇಲೆ ಮಲಗುವ ಹೊತ್ತಿಗೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೊಟ್ಟರು. ಮನೆಯಾಕೆ ಇನ್ನೊಂದು ಉಪಾಯ ಮಾಡಿದಳು. ತನ್ನ ಹಳೆಯ ರೇಷ್ಮೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ನನ್ನ ಸೊಂಟ ಬರುವ ಜಾಗದಲ್ಲಿ ಹಾಸಿಗೆಗೆ ಅಡ್ಡ ಹಾಸಿ, ಅಂಚುಗಳನ್ನು ಬಿಗಿಯಾಗಿ ಒಳಗೆ ಸಿಕ್ಕಿಸಿದಳು. ಹತ್ತಿ ಬೆಡ್‌ಶೀಟು ಹಿಡಿದುಕೊಳ್ಳುತ್ತದೆ, ರೇಷ್ಮೆ ಜಾರುತ್ತದೆ. ಮೊಣಕಾಲು ಮಡಚಿ, ಮೊದಲು ತಲೆ, ಆಮೇಲೆ ಭುಜ, ಕೊನೆಗೆ ಮೊಣಕಾಲು ತಿರುಗಿಸಿದರೆ ಈಗ ನಾನೇ ಹೊರಳುತ್ತೇನೆ.

ನಿದ್ದೆ ಮಾತ್ರೆ ತಗೊಂಡೂ ನೋಡಿದ್ದೇನೆ. ಪರಿಚಯದವರೊಬ್ಬರು ತಮ್ಮ ಮಾತ್ರೆಯಲ್ಲೇ ಎರಡು ಕೊಟ್ಟಿದ್ದರು. ರಾತ್ರಿ ಮೂತ್ರಕ್ಕೆ ಎದ್ದೆ, ಎರಡು ಹೆಜ್ಜೆ ಇಟ್ಟೆ, ಬಚ್ಚಲ ಬಾಗಿಲ ಹತ್ತಿರ ಬಿದ್ದೆ. ಹುಬ್ಬಿಗೆ 4 ಹೊಲಿಗೆ. ಪಾರ್ಕಿನ್ಸನ್‌ನಲ್ಲಿ ಎದ್ದು ನಿಂತ ಕೂಡಲೇ ಬಿಪಿ ಇಳಿಯುವುದು ಸಾಮಾನ್ಯ. ರೋಗದಿಂದಲೂ ಇಳಿಯುತ್ತದೆ, ಅದಕ್ಕೆ ಕೊಡುವ ಮಾತ್ರೆಗಳಿಂದಲೂ ಇಳಿಯುತ್ತದೆ. ಅದರ ಮೇಲೆ ನಿದ್ದೆಯ ಮಂಪರು ಸೇರಿದರೆ ಬೀಳದೆ ಏನಾಗುತ್ತದೆ? ಈಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳುತ್ತೇನೆ. ದಾರಿಗೆ ಸಣ್ಣ ದೀಪ ಉರಿಯುತ್ತಿರುತ್ತದೆ.

ಇನ್ನು ಕನಸುಗಳ ಕಥೆ. ಇದನ್ನು ಹೇಳಲು ತುಂಬಾ ದಿನ ನಾಚಿಕೆ ಪಟ್ಟಿದ್ದೆ. ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದಿತ್ತು, ಕೈ ಬೀಸಿ ಓಡಿಸಿದೆ. ಎಚ್ಚರವಾದಾಗ ಮನೆಯಾಕೆ ದೀಪ ಹಾಕಿಕೊಂಡು ಕೂತಿದ್ದಳು. ಅವಳ ಮೂರು ಗಾಜಿನ ಬಳೆ ಒಡೆದಿದ್ದವು, ಮಣಿಕಟ್ಟಿನಲ್ಲಿ ರಕ್ತ. ನಾವು ಕನಸು ಕಾಣುವಾಗ ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಮಾಡಿ, ಮೈ ಅಲುಗದಂತೆ ಬೀಗ ಹಾಕಿ ಇಟ್ಟಿರುತ್ತದೆ. ಪಾರ್ಕಿನ್ಸನ್ ಇರುವ ಎಷ್ಟೋ ಜನರಿಗೆ ಆ ಬೀಗ ಕೆಲಸ ಮಾಡುವುದಿಲ್ಲ, ಕನಸಿನಲ್ಲಿ ಮಾಡಿದ್ದನ್ನೇ ಮೈಯೂ ಮಾಡುತ್ತದೆ. 1986ರಲ್ಲಿ ಅಮೆರಿಕದ ವೈದ್ಯರು ಇದನ್ನು ನಿದ್ದೆಯ ಒಂದು ಬೇರೆಯೇ ಕಾಯಿಲೆ ಅಂತ ಗುರುತಿಸಿದರು. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಶುರುವಾಗಬಹುದು. ನನಗೂ ಹಾಗೇ ಆಗಿತ್ತು, ಯಾರಿಗೂ ಹೇಳಿರಲಿಲ್ಲ. ಇದಕ್ಕೆ ಮೆಲಟೋನಿನ್ ಕೊಡುತ್ತಾರೆ, ಕ್ಲೊನಜೆಪಾಮ್ ಕೊಡುತ್ತಾರೆ. ನಾನು ಬಿದ್ದ ಕಥೆ ಕೇಳಿದ ಡಾಕ್ಟರು ಎರಡನೆಯದು ಬೇಡ, ಅದರಲ್ಲೂ ಮಂಪರು ಇದೆ ಅಂತ ಮೊದಲನೆಯದನ್ನೇ ಬರೆದರು. ಮಂಚಗಳು ಈಗ ಬೇರೆ ಬೇರೆ, ನಡುವೆ ಒಂದು ಮೊಳ ಜಾಗ. ಮನೆಯಾಕೆಗೆ ಅದರ ಬೇಸರ ಇದೆ. ನನಗೆ ಅವಳ ಕೈ ಮುಖ್ಯ.

ನಿದ್ದೆ ಕೆಡಿಸುವುದು ಕೆಲವೊಮ್ಮೆ ನಮ್ಮ ಮಾತ್ರೆಗಳೇ. ನಾನು ಅಮಾಂಟಡಿನ್ ಅನ್ನು ಸಂಜೆ 6ಕ್ಕೆ ತಗೊಳ್ಳುತ್ತಿದ್ದೆ. ಅದು ಎಚ್ಚರ ಇಡುವ ಮಾತ್ರೆ. ಡಾಕ್ಟರನ್ನು ಕೇಳಿ ಮಧ್ಯಾಹ್ನಕ್ಕೆ ಬದಲಾಯಿಸಿದ ಮೇಲೆ ವ್ಯತ್ಯಾಸ ಕಂಡಿತು. ಪಾರ್ಕಿನ್ಸನ್‌ನ ಇನ್ನೊಂದು ಮಾತ್ರೆ ಪ್ರಾಮಿಪೆಕ್ಸೋಲ್ ಕಥೆ ಉಲ್ಟಾ, ಹಗಲಲ್ಲೇ ಹೇಳದೆ ಕೇಳದೆ ನಿದ್ದೆ ಎಳೆದುಬಿಡುತ್ತದೆ. ಅದು ಶುರುವಾದ ವಾರವೇ ನಾನು ಸ್ಕೂಟರ್ ಬಿಟ್ಟೆ. ಆದರೆ ದಯವಿಟ್ಟು ಇದನ್ನು ಓದಿ ಯಾವ ಮಾತ್ರೆಯನ್ನೂ ತಟ್ಟನೆ ನಿಲ್ಲಿಸಬೇಡಿ. ಲೆವೊಡೋಪಾ ಒಮ್ಮೆಗೇ ನಿಲ್ಲಿಸಿದರೆ ವಿಪರೀತ ಜ್ವರ ಬಂದು ಮೈ ಸೆಟೆದು ಪ್ರಾಣಕ್ಕೇ ಬರಬಹುದು.

ಹಾಗಾದರೆ ಏನು ಮಾಡಬೇಕು ಅಂತೀರಾ? ಒಂದು ನೋಟ್‌ಬುಕ್ ಇಡಿ. ಯಾವ ಮಾತ್ರೆ ಎಷ್ಟು ಗಂಟೆಗೆ, ಎಚ್ಚರ ಎಷ್ಟು ಗಂಟೆಗೆ, ಎಚ್ಚರವಾದಾಗ ಮೈ ಬಿಗಿದಿತ್ತಾ, ಮೂತ್ರ ಬಂದಿತ್ತಾ, ಕನಸಾ, ಕಾಲು ಜುಮುಗುಟ್ಟುತ್ತಿತ್ತಾ. ಎರಡು ವಾರ ಸಾಕು. ಓಪಿಡಿಯಲ್ಲಿ ನಮಗೆ ಸಿಗುವುದು ಕೆಲವೇ ನಿಮಿಷ. “ನಿದ್ದೆ ಇಲ್ಲ ಡಾಕ್ಟ್ರೇ” ಅಂದರೆ ನಿದ್ದೆ ಮಾತ್ರೆಯೇ ಬರಬಹುದು. “ದಿನಾ ಎರಡೂವರೆಗೆ ಮೈ ಬಿಗಿಯುತ್ತದೆ” ಅಂದರೆ ಮಾತು ಬೇರೆಯೇ ಆಗುತ್ತದೆ. ನನ್ನ ಅಕ್ಷರ ಈಗ ಸಾಸಿವೆ ಕಾಳಿನಷ್ಟಾಗಿದೆ, ಅದಕ್ಕೆ ಮನೆಯಾಕೆ ಬರೆಯುತ್ತಾಳೆ.

ನಿನ್ನೆಯ ಸಾಲು ಹೀಗಿದೆ: “10.15 ಮಲಗಿದ್ದು. 3.40 ಎದ್ದದ್ದು, ಮೂತ್ರಕ್ಕೆ. ತಾವೇ ಹೊರಳಿದರು. 5.30 ಎಚ್ಚರ, ಕಾಫಿ ಕೇಳಿದರು.”